ಸ್ಟಾರ್ಟರ್‌ಗಿಂತ ದುಬಾರಿಯಾದ ಡಾಕ್ಟರ್ ಚೀಟಿ

"ಹೋಳಿಯಲ್ಲಿ ಜಗ್ಗಲಗಿ ಬಾರಿಸುವಾಗ ಮುಂದೆ ಹೋಗಿ ನಿಲ್ಲುತ್ತೀಯ, ಖಾನಾವಳಿಯಲ್ಲಿ ಮಾತ್ರ ಕಿವಿ ಮುಚ್ಚಿಕೊಳ್ಳುತ್ತೀಯ. ಇದೆಂಥ ನಾಟಕ?" ಹುಬ್ಬಳ್ಳಿಯ ನಮ್ಮ ಬಳಗದಲ್ಲಿ ಇದನ್ನು ಕೇಳದವರಿಲ್ಲ.

ಪ್ರಶ್ನೆ ನ್ಯಾಯವಾದದ್ದೇ. ಜಗ್ಗಲಗಿಯ ಪೆಟ್ಟು ಎಷ್ಟೇ ಜೋರಾಗಿರಲಿ, ಮುಂದಿನದು ಯಾವಾಗ ಬೀಳುತ್ತದೆಂದು ಮೈಗೆ ಮೊದಲೇ ಗೊತ್ತಿರುತ್ತದೆ. ರೊಟ್ಟಿ ಬಡಿಯುವ ಸದ್ದೂ ಹಾಗೆಯೇ, ಹಿತವಾಗಿರುತ್ತದೆ. ಆದರೆ ಸ್ಟೀಲ್ ತಟ್ಟೆಗಳನ್ನು ದಬದಬನೆ ಒಟ್ಟುವ ಸದ್ದು, ಟಿ.ವಿ., ಒಗ್ಗರಣೆಯ ಘಾಟು, ಕುತ್ತಿಗೆಗೆ ಚುಚ್ಚುವ ಬಟ್ಟೆಯ ಲೇಬಲ್ ಎಲ್ಲವೂ ಒಟ್ಟಿಗೇ ಮೇಲೆ ಬೀಳುತ್ತವೆ. ಯಾವುದನ್ನೂ ಹಿಂದಕ್ಕೆ ಸರಿಸಲು ನನ್ನ ತಲೆಗೆ ಬರುವುದಿಲ್ಲ. ಎದುರಿಗೆ ಕುಳಿತವರ ಮಾತು ಕೇಳಿಸುತ್ತದೆ, ತಿಳಿಯುವುದಿಲ್ಲ.

ಕಿವಿ ಪರೀಕ್ಷೆಯಲ್ಲಿ ದೋಷವಿಲ್ಲ. ಮನೋವೈದ್ಯರು ಆಟಿಸಂ ಅಲ್ಲ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿಯೂ ಅಲ್ಲ ಎಂದರು. ನನಗಾಗುವಂತೆ ಇಂದ್ರಿಯಗಳು ತಂದುಕೊಡುವುದನ್ನು ಮಿದುಳು ಹೊಂದಿಸಿಕೊಳ್ಳಲಾಗದೆ ತಿಣುಕುವುದರ ಬಗ್ಗೆ ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ 1970ರ ದಶಕದಲ್ಲೇ ಪುಸ್ತಕ ಬರೆದಿದ್ದರು. ಆದರೆ ಅಲ್ಲಿನ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5 ಇದನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತೇ ಹೊರತು ಪ್ರತ್ಯೇಕ ಕಾಯಿಲೆಯೆಂದು ಒಪ್ಪಲಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲೂ ಇದಿಲ್ಲ. ಇರಲೇಬೇಕೆಂಬ ಹಟ ನನಗಿಲ್ಲ, ತಜ್ಞರ ವಾದವೇ ಇನ್ನೂ ಮುಗಿದಿಲ್ಲ. "ಆಟಿಸಂ ಎಂದೇ ಹೇಳಿಬಿಡು, ಜನ ಸುಮ್ಮನಾಗುತ್ತಾರೆ" ಎಂದು ಗೆಳತಿಯೊಬ್ಬಳು ಸಲಹೆ ಕೊಟ್ಟಳು. ಹಾಗೆ ಹೇಳಿಕೊಂಡು ಆಟಿಸಂ ಇರುವ ಮಕ್ಕಳ ತಾಯಂದಿರ ಮುಖ ಹೇಗೆ ನೋಡಲಿ?

ನನ್ನ ಸಿಟ್ಟು ಬೇರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಕೆಮ್ಮುವವನನ್ನು ಯಾರೂ ಯಾವ ರೋಗವೆಂದು ವಿಚಾರಿಸುವುದಿಲ್ಲ, ನೀರು ಕೊಡುತ್ತಾರೆ. ನಾನು ಕಚೇರಿಯಲ್ಲಿ ಪಟಪಟ ಮಿಣುಕುವ ಟ್ಯೂಬ್‌ಲೈಟ್ ಸರಿಪಡಿಸಿ ಎಂದರೆ ಡಾಕ್ಟರ್ ಚೀಟಿ ಬೇಕಂತೆ. ಡಾಕ್ಟರ್ ಫೀಸಿಗಿಂತ ಹೊಸ ಸ್ಟಾರ್ಟರ್ ಅಗ್ಗ! ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಮೊಬೈಲ್ ಸದ್ದು ತಗ್ಗಿಸಿ ಎಂದು ಕೇಳಿದರೂ ಅಷ್ಟೇ, ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನೋಡಲು ಗಟ್ಟಿಮುಟ್ಟಾಗಿದ್ದೇನಲ್ಲ, ಅದೇ ನನ್ನ ಅಪರಾಧ.

ಮುಂದಿನ ತಿಂಗಳು ಧಾರವಾಡದಲ್ಲಿ ಸೋದರಮಾವನ ಮಗಳ ಮದುವೆ. ಬಂಧುಗಳು ಇದನ್ನು ಓದುತ್ತಿದ್ದರೆ ಈಗಲೇ ಹೇಳಿಬಿಡುತ್ತೇನೆ: ರೇಷ್ಮೆಯಲ್ಲ, ಹತ್ತಿ ಸೀರೆಯಲ್ಲೇ ಬರುತ್ತೇನೆ. ಅಕ್ಷತೆ ಹಾಕಿ, ಕೊನೆಯ ಪಂಕ್ತಿಯಲ್ಲಿ ಊಟ ಮಾಡುತ್ತೇನೆ. ನಡುವೆ ಎದ್ದು ಹೊರಗೆ ನಿಂತಿದ್ದು ಕಂಡರೆ, ಮುನಿಸಿಕೊಂಡಿದ್ದಾಳೆಂದು ಅತ್ತೆಗೆ ಸುದ್ದಿ ಮುಟ್ಟಿಸಬೇಡಿ.