ನಲವತ್ತು ಪುಟ, ನಲವತ್ತೂ ಖಾಲಿ

ಬೆಳಗ್ಗೆಯಿಂದ ಮನಸ್ಸಿಗೆ ಸಮಾಧಾನವಿಲ್ಲ, ಬರೆದುಬಿಡುತ್ತೇನೆ.

ಕ್ಲಾಸ್ ಮುಗಿದ ಮೇಲೆ ಕಣ್ಣು ಕಾಣದ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ತೆರೆದು, ಇಯರ್‌ಫೋನ್ ಕಿತ್ತು, "ಮೇಡಂ, ನೀವೇ ಕೇಳಿ" ಎಂದಳು. ನಾನೇ ಕಳಿಸಿದ್ದ 40 ಪುಟದ ಪಿಡಿಎಫ್. ಪರದೆಯ ಮೇಲಿನ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ "ಬ್ಲ್ಯಾಂಕ್" ಎಂದಿತು. ಮುಂದಿನ ಪುಟಕ್ಕೆ ಹೋದಳು. ಮತ್ತೆ "ಬ್ಲ್ಯಾಂಕ್".

ಪುಸ್ತಕವನ್ನು ಸುಮ್ನೆ ಸ್ಕ್ಯಾನ್ ಮಾಡಿದರೆ ಸಿಗುವುದು ಅಕ್ಷರದ ಫೋಟೋ, ಅದನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ. ಫೋಟೋದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ಓಸಿಆರ್ ಹಾಕಿದರೆ ಒಂದಷ್ಟು ಬರುತ್ತದೆ, ಆದರೆ ಟೇಬಲ್, ಸೂತ್ರ, ಅಡಿಟಿಪ್ಪಣಿ ಎಲ್ಲ ಕಲಸಿಹೋಗುತ್ತವೆ. ಯಾರ್ಯಾರನ್ನೋ ಕೇಳಿಕೊಂಡು ಅದನ್ನು ಸರಿ ಮಾಡಿಸಲು ಅವಳು ಮೂರು ವಾರ ಅಲೆದಿದ್ದಾಳೆ. ಅಷ್ಟರಲ್ಲಿ ನಾವು ಮೂರನೇ ಅಧ್ಯಾಯದಲ್ಲಿದ್ದೆವು.

ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಜಾಸ್ತಿ ಸಮಯ ಕೊಡುತ್ತೇವಲ್ಲ ಎನ್ನುತ್ತಾರೆ. ಕೊಡುತ್ತೇವೆ. ಆದರೆ ಸೆಮಿಸ್ಟರ್ ಪೂರ್ತಿ ಅವರಿಂದ ಕಿತ್ತುಕೊಂಡ ಸಮಯದ ಲೆಕ್ಕ ಯಾರ ಹತ್ತಿರ ಇದೆ? ಕಿವಿ ಕೇಳದ ಹುಡುಗ ತುಟಿ ನೋಡಿ ಪಾಠ ಹಿಡಿಯುತ್ತಾನೆ, ನಾವು ಬೋರ್ಡಿನ ಕಡೆ ತಿರುಗಿಕೊಂಡೇ ಮಾತಾಡುತ್ತೇವೆ. ನೋಟ್ಸ್ ಬರೆಯಲು ಅವನು ತಲೆ ಬಗ್ಗಿಸಿದರೆ ಅಷ್ಟು ಹೊತ್ತಿನ ಪಾಠ ಹೋಯಿತು. ಅಲ್ಲೂ ಹೋಗುವುದು ಸಮಯವೇ.

2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಶಿಕ್ಷಣದ ಹಕ್ಕನ್ನು ಹೇಳುವ 24ನೇ ವಿಧಿ ಉನ್ನತ ಶಿಕ್ಷಣಕ್ಕೂ ಅನ್ವಯಿಸುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಅವಳ ಕಡೆಯಿಂದ ಎಲ್ಲ ತಯಾರಿತ್ತು, ನನ್ನ ಫೈಲೊಂದು ಬಿಟ್ಟು.

"ಒಬ್ಬಳಿಗೋಸ್ಕರ ಇಷ್ಟೆಲ್ಲ ಯಾಕೆ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಒಬ್ಬಳೇ ಅಂತ ಎಣಿಸಿದ್ದು ಯಾರು? ಬಿಳಿ ಕೋಲು ಕಣ್ಣಿಗೆ ಬೀಳುತ್ತದೆ, ಓದು-ಬರಹ ಕಷ್ಟವಾಗಿಸುವ ಡಿಸ್ಲೆಕ್ಸಿಯಾ ಬೀಳುವುದಿಲ್ಲ. ಎಷ್ಟೋ ಮಕ್ಕಳು ಬಾಯಿ ಬಿಟ್ಟು ಹೇಳುವುದೇ ಇಲ್ಲ, ಹೇಳಿದರೆ ದಡ್ಡರು ಎಂದುಕೊಳ್ಳುತ್ತಾರೆ ಅಂತ ಭಯ. ಸರಿಯಾದ ಫೈಲ್ ಇದ್ದರೆ ಅಕ್ಷರ ದೊಡ್ಡದು ಮಾಡಿಕೊಂಡೋ ಕೇಳಿಸಿಕೊಂಡೋ ಅವರೂ ಓದುತ್ತಾರೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಇದೇ ಸ್ಕ್ಯಾನ್ ಅನ್ನು ನಾನು ಏಳು ವರ್ಷದಿಂದ ಕಳಿಸುತ್ತಿದ್ದೇನೆ. ಇವಳಿಗಿಂತ ಮೊದಲು ಕಣ್ಣು ಕಾಣದ ಇಬ್ಬರು ನನ್ನ ಕ್ಲಾಸಿನಲ್ಲಿ ಕೂತು, ಪಾಸಾಗಿ ಹೋದರು. ಹೇಗೋ ನಿಭಾಯಿಸುತ್ತಾರೆ ಅಂದುಕೊಂಡಿದ್ದೆ. ಹೇಗೆ ಅಂತ ಒಂದು ಸಲವೂ ಕೇಳಲಿಲ್ಲ.

ಈಗ ಕೂತು ಟೈಪ್ ಮಾಡುತ್ತಿದ್ದೇನೆ, 11ನೇ ಪುಟಕ್ಕೆ ಬಂದೆ. ಅದರಲ್ಲೊಂದು ಗ್ರಾಫ್ ಇದೆ. ಬೋರ್ಡಿನ ಮೇಲೆ ಗೆರೆ ಎಳೆದು "ನೋಡಿ, ಇಲ್ಲಿಂದ ಹೀಗೆ ಏರುತ್ತದೆ" ಎಂದು ಮುಗಿಸಿಬಿಡುತ್ತಿದ್ದೆ. ಅದನ್ನು ಮಾತಿನಲ್ಲಿ ಬರೆಯಲು ಅರ್ಧ ಗಂಟೆ ಹಿಡಿಯಿತು.