ಹಾವಿನ ತಲೆ, ತುಳಿದವನ ಹಿಮ್ಮಡಿ

ಗೌರಿಬಿದನೂರು ಕಡೆಯ ನಮ್ಮ ಊರಿನ ಕ್ರೈಸ್ತ ಸಭೆಯಲ್ಲಿ ಕ್ರಿಸ್ಮಸ್ ಹತ್ತಿರವಾಯಿತೆಂದರೆ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 3ನೆಯ ಅಧ್ಯಾಯದ 15ನೆಯ ವಚನದ ಮೇಲೆ ಒಂದು ಪ್ರಸಂಗವಾದರೂ ಇದ್ದೇ ಇರುತ್ತದೆ. ಸ್ತ್ರೀಯ ಸಂತಾನವು ಸರ್ಪದ ತಲೆಯನ್ನು ಜಜ್ಜುವುದು, ಸರ್ಪವು ಅದರ ಹಿಮ್ಮಡಿಯನ್ನು ಕಚ್ಚುವುದು ಎಂದು ಏದೆನ್ ತೋಟದಲ್ಲಿ, ಮೊದಲ ಮನುಷ್ಯರಾದ ಆದಾಮ ಹವ್ವರನ್ನು ಪಾಪಕ್ಕೆ ಎಳೆದ ಸರ್ಪಕ್ಕೆ ದೇವರು ನುಡಿದ ಆ ಮಾತನ್ನು ಕ್ರೈಸ್ತರು ಮೊದಲ ಸುವಾರ್ತೆ, ಅಂದರೆ ಬಿಡಿಸುವವನು ಬರುತ್ತಾನೆಂಬ ಮೊದಲ ಶುಭವಾರ್ತೆ, ಎನ್ನುತ್ತಾರೆ. ಎರಡನೆಯ ಶತಮಾನದಲ್ಲಿದ್ದ ಬಿಷಪ್ ಐರೇನಿಯಸನೇ ಅದನ್ನು ಕ್ರಿಸ್ತನಿಗೆ ಅನ್ವಯಿಸಿ ಬರೆದಿದ್ದಾನೆ. ನನ್ನ ತಕರಾರು ಇಷ್ಟೇ: ಪ್ರಸಂಗ ಮಾಡುವವರು ಜಜ್ಜಿಹೋದ ತಲೆಯ ಮೇಲೆ ಅರ್ಧ ಗಂಟೆ ಮಾತಾಡಿ, ಹಿಮ್ಮಡಿಯನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ನಮ್ಮಜ್ಜಿ ಹಾಗೆ ಮುಗಿಸಿದವರಲ್ಲ. ಬರಿಗಾಲಲ್ಲೇ ರಾಗಿ ಕುಯ್ಲು ಮಾಡಿ ವಯಸ್ಸು ಸವೆಸಿದ ಅವರು, ಒಮ್ಮೆ ಆರಾಧನೆ ಮುಗಿಸಿ ಬರುವಾಗ ದಾರಿಯಲ್ಲೇ ನಿಂತು, ಸೀರೆಯನ್ನು ಕೊಂಚ ಎತ್ತಿ, ಬಿರುಕುಬಿಟ್ಟ ಹಿಮ್ಮಡಿಯನ್ನು ಮಣ್ಣಿಗೆ ಒತ್ತಿ ತೋರಿಸಿ, “ಬರಿಗಾಲಲ್ಲಿ ತಲೆ ತುಳಿದ್ರೆ ಹಾವು ಕಚ್ಚದೆ ಬಿಡ್ತದಾ ಮಗ? ತುಳಿದೋನಿಗೂ ವಿಷ ಏರ್ತದೆ” ಎಂದಿದ್ದರು.

ಮೂಲ ಹೀಬ್ರೂ ಅಜ್ಜಿಯ ಪರವಾಗಿಯೇ ಇದೆ. ಕನ್ನಡ ಬೈಬಲಿನಲ್ಲಿ ‘ಜಜ್ಜು’, ‘ಕಚ್ಚು’ ಎಂದು ಎರಡು ಕ್ರಿಯಾಪದಗಳಿದ್ದರೆ, ಹೀಬ್ರೂವಿನಲ್ಲಿ ಎರಡೂ ಕಡೆ ‘ಶೂಫ್’ ಎಂಬ ಒಂದೇ ಕ್ರಿಯಾಪದವಿದೆ. ಕೊಟ್ಟ ಪೆಟ್ಟಿಗೂ ತಿಂದ ಪೆಟ್ಟಿಗೂ ಅಲ್ಲಿ ಬೇರೆ ಮಾತಿಲ್ಲ. ಪಾಪದಿಂದ ಬಿಡಿಸುವವನು ದೂರದಲ್ಲಿ ನಿಂತು ಕೋಲಿನಿಂದ ಹೊಡೆಯಲಿಲ್ಲ, ಕಾಲನ್ನೇ ಇಟ್ಟು ಕಚ್ಚಿಸಿಕೊಂಡ ಎಂಬುದು ವಿಮೋಚನೆಯ ತಿರುಳಾದರೆ, ಅದು ತಲೆಯಲ್ಲಿ ಎಷ್ಟಿದೆಯೋ ಹಿಮ್ಮಡಿಯಲ್ಲೂ ಅಷ್ಟೇ ಇದೆ. ಪ್ರವಾದಿ ಯೆಶಾಯನ ಪುಸ್ತಕದ 53ನೆಯ ಅಧ್ಯಾಯದಲ್ಲಿ ನಮ್ಮ ಅಪರಾಧಗಳ ನಿಮಿತ್ತ ‘ಜಜ್ಜಲ್ಪಟ್ಟ’ ಸೇವಕ ಬರುತ್ತಾನೆ; ಕ್ರೈಸ್ತರು ಅವನಲ್ಲಿ ಕ್ರಿಸ್ತನನ್ನೇ ಕಾಣುತ್ತಾರೆ. ಹೀಬ್ರೂವಿನಲ್ಲಿ ಅಲ್ಲಿರುವುದು ಬೇರೆಯೇ ಪದ. ಆದರೂ ಕನ್ನಡದಲ್ಲಿ ಓದುವವರ ಕಿವಿಗೆ ಏದೆನ್ ತೋಟದ ಅದೇ ಮಾತು ತಿರುಗಿ ಬಿದ್ದು, ಈ ಸಲ ಜಜ್ಜಿಹೋದವನು ಬಿಡಿಸುವವನೇ ಆಗಿರುತ್ತಾನೆ.

ಆದಿಕಾಂಡದ ಆ ವಚನದಲ್ಲಿ ಬರಬೇಕಾದ ರಕ್ಷಕನಾದ ಮೆಸ್ಸೀಯನ ಹೆಸರಿಲ್ಲ, ಮನುಷ್ಯರಿಗೂ ಹಾವುಗಳಿಗೂ ಇರುವ ಹಗೆಯ ಮಾತಷ್ಟೇ ಅದು ಎಂದು ಓದುವ ಯೆಹೂದ್ಯರಿದ್ದಾರೆ. ಅವರ ಓದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಶಿಲುಬೆಯನ್ನು ಕಂಡು ಹಿಂದಿರುಗಿ ನೋಡಿದವರಿಗೇ ಅದು ಮುನ್ಸೂಚನೆಯಾಗಿ ಕಂಡದ್ದು. 21ನೆಯ ವಚನದಲ್ಲಿ ದೇವರು ಆದಾಮ ಹವ್ವರಿಗೆ ಚರ್ಮದ ಅಂಗಿ ತೊಡಿಸುವಾಗಲೂ ಪ್ರಾಣಿ ಸತ್ತಿತೆಂದು ಬರೆದಿಲ್ಲ. ಚರ್ಮ ತಾನಾಗಿ ಬರುವುದಿಲ್ಲ ಎಂಬಲ್ಲಿಯವರೆಗೆ ನಾನು ಹೋಗುತ್ತೇನೆ. ಅಲ್ಲೇ ಕ್ರಿಸ್ತನ ಬಲಿಯ ಗುರುತಾಗಿ ಕುರಿಮರಿಯನ್ನು ಕಟ್ಟಿಹಾಕುವವರ ಜೊತೆ ಹೋಗುವುದಿಲ್ಲ.

ಇನ್ನೊಂದು ಮಾತು. ವಿದುರಾಶ್ವತ್ಥದ ಸಾವಿರಾರು ನಾಗರಕಲ್ಲುಗಳು ನಮಗೆ ಹತ್ತಿರದಲ್ಲೇ ಇವೆ. ನೆರೆಯವರು ಹಾಲೆರೆಯುವ ನಾಗಪ್ಪನನ್ನೇ ಏದೆನ್ ತೋಟದ ಸರ್ಪವೆಂದು ಬೆರಳು ಮಾಡಿ ತೋರಿಸುವ ಪ್ರಸಂಗವನ್ನು ಕೇಳಿ ನನಗೆ ನಾಚಿಕೆಯಾಗಿದೆ. ಹಾಗೆ ಮಾತಾಡುವವರು ಬೈಬಲಿನ ಅರಣ್ಯಕಾಂಡದ 21ನೆಯ ಅಧ್ಯಾಯವನ್ನು ತೆರೆದು ನೋಡಲಿ. ಹಾವು ಕಚ್ಚಿ ಸಾಯುತ್ತಿದ್ದ ಇಸ್ರಾಯೇಲ್ಯರು ಬದುಕಿಕೊಂಡದ್ದು, ಅವರ ನಾಯಕ ಮೋಶೆ ಕಂಬದ ಮೇಲೆ ಏರಿಸಿದ ತಾಮ್ರದ ಸರ್ಪವನ್ನು ನೋಡಿ. ಯೋಹಾನನ ಸುವಾರ್ತೆ 3:14ರಲ್ಲಿ ಯೇಸು ತನ್ನ ಶಿಲುಬೆಯ ಸಾವಿಗೆ ಹೋಲಿಕೆಯಾಗಿ ತೆಗೆದುಕೊಂಡದ್ದೂ ಆ ಸರ್ಪವನ್ನೇ.