ತಮಿಳು ಬಾರದ ಡಂಗನ್‌ನ ತಮಿಳು ಸಿನಿಮಾಗಳು

ಎಲ್ಲಿಸ್ ಆರ್. ಡಂಗನ್ ಹೆಸರು ಎತ್ತಿದರೆ ಸಾಕು, ಎದುರಿಗಿದ್ದವರು ಹುಬ್ಬೇರಿಸಿ ಕೇಳುವುದು ಒಂದೇ ಮಾತು: ತಮಿಳು ಬಾರದ ಅಮೆರಿಕನ್ ತಮಿಳು ಸಿನಿಮಾ ಹೇಗ್ರೀ ಮಾಡಿದ? ಅದೂ ಒಂದೆರಡಲ್ಲ, 1936ರಿಂದ 1950ರ ನಡುವೆ ಹತ್ತು ಹನ್ನೊಂದು!

ನನಗೆ ಈ ಪ್ರಶ್ನೆಯಲ್ಲಿ ಅಷ್ಟೇನೂ ಸ್ವಾರಸ್ಯ ಕಾಣುವುದಿಲ್ಲ. ಆ ಕಾಲದ ದಕ್ಷಿಣದ ಸಿನಿಮಾ ಇದ್ದದ್ದೇ ಹಾಗೆ. ನಮ್ಮ ಮೊದಲ ಟಾಕಿ ‘ಸತಿ ಸುಲೋಚನಾ’ವನ್ನೇ ತಗೊಳ್ಳಿ. 1934ರಲ್ಲಿ ಅದನ್ನು ನಿರ್ದೇಶಿಸಿದ ವೈ.ವಿ. ರಾವ್ ನೆಲ್ಲೂರಿನ ತೆಲುಗರು, ದುಡ್ಡು ಹಾಕಿದ್ದು ಚಮನ್‌ಲಾಲ್ ಡುಂಗಾಜಿ, ಶೂಟಿಂಗ್ ನಡೆದದ್ದು ಕೊಲ್ಹಾಪುರದಲ್ಲಿ. ಅದೇ ವೈ.ವಿ. ರಾವ್ ಮೂರು ವರ್ಷ ಬಿಟ್ಟು ತಮಿಳಿನಲ್ಲಿ ‘ಚಿಂತಾಮಣಿ’ ಮಾಡಿ ಆ ಕಾಲದ ದೊಡ್ಡ ಹಿಟ್ ಕೊಟ್ಟರು, ಅದರ ನಾಯಕಿ ಕನ್ನಡದ ಅಶ್ವತ್ಥಮ್ಮ. ಇನ್ನು ಮುಂದೆ ಎಷ್ಟೋ ವರ್ಷ ನಮ್ಮ ಸಿನಿಮಾಗಳೂ ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾದವು. ಭಾಷೆಗೊಂದು ಬೇಲಿ ಹಾಕಿಕೊಂಡು ಕೂತಿದ್ದರೆ ಅಂದು ಯಾರೂ ಸಿನಿಮಾ ಮಾಡುತ್ತಿರಲಿಲ್ಲ.

ಹಾಗಾಗಿ ನನ್ನ ಕುತೂಹಲ ಬೇರೆ. ಮಾತು ಅರ್ಥವಾಗದವನು ಸೆಟ್ಟಿನಲ್ಲಿ ಯಾರನ್ನು ನಂಬಿದ? ಯಾವ ಕೆಲಸ ತಾನು ಇಟ್ಟುಕೊಂಡ, ಯಾವುದನ್ನು ಬೇರೆಯವರ ಕೈಗೆ ಬಿಟ್ಟ? ಆತನ ಗೆಲುವು ಸೋಲುಗಳ ಗುಟ್ಟೆಲ್ಲ ಇಲ್ಲೇ ಇದೆ ಅನ್ನುವುದು ನನ್ನ ವಾದ.

ಬಂದದ್ದು ಹೇಗೆ ಅನ್ನುವುದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಓಹಿಯೋ ರಾಜ್ಯದ ಬಾರ್ಟನ್ ಅನ್ನುವ ಊರಲ್ಲಿ 1909ರಲ್ಲಿ ಹುಟ್ಟಿದವನು. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುವಾಗ ಮಾಣಿಕ್ ಲಾಲ್ ಟಂಡನ್ ಎಂಬ ಬೊಂಬಾಯಿಯ ಶ್ರೀಮಂತರ ಮನೆಯ ಹುಡುಗ ಸಹಪಾಠಿ. ‘ನಮ್ಮೂರಿಗೆ ಬಾ, ಸಿನಿಮಾ ಮಾಡೋಣ’ ಅಂತ ಟಂಡನ್ ಕರೆದ, ಈತ 1935ರಲ್ಲಿ ಹಡಗು ಹತ್ತಿದ. ಕೆಲವು ತಿಂಗಳು ಇದ್ದು ಹೋಗುವ ಯೋಚನೆ. ಉಳಿದದ್ದು ಹದಿನೈದು ವರ್ಷ. ಮೊದಲು ಟಂಡನ್ ನಿರ್ದೇಶಿಸಿದ ‘ನಂದನಾರ್’ಗೆ ಕೈಜೋಡಿಸಿದ. ಕೆ.ಬಿ. ಸುಂದರಾಂಬಾಳ್ ಗಂಡು ವೇಷ ಹಾಕಿ ಒಂದು ಲಕ್ಷ ರೂಪಾಯಿ ಸಂಭಾವನೆ ಪಡೆದರೆಂದು ಇವತ್ತಿಗೂ ಹೇಳುವ ಚಿತ್ರ ಅದು. ಕೊಯಮತ್ತೂರಿನ ಮರುದಾಚಲಂ ಚೆಟ್ಟಿಯಾರ್ ಮುಂದಿನ ಸಿನಿಮಾಕ್ಕೆ ಟಂಡನ್‌ನನ್ನು ಕೇಳಿದಾಗ, ತನಗೆ ಪುರುಸೊತ್ತಿಲ್ಲವೆಂದು ಟಂಡನ್ ಗೆಳೆಯನ ಕಡೆ ಕೈ ತೋರಿಸಿದ.

ಆ ಸಿನಿಮಾ ‘ಸತಿ ಲೀಲಾವತಿ’, 1936. ಕಥೆ ಎಸ್.ಎಸ್. ವಾಸನ್ ಅವರದು. ಮುಂದೆ ಜೆಮಿನಿ ಸ್ಟುಡಿಯೋ ಕಟ್ಟಿದ ಅದೇ ವಾಸನ್. ಕುಡಿತಕ್ಕೆ ಬಿದ್ದ ಸಿರಿವಂತ, ತಾನು ಕೊಲೆ ಮಾಡಿಬಿಟ್ಟೆ ಅನ್ನುವ ಭ್ರಮೆಯಲ್ಲಿ ಸಿಂಹಳಕ್ಕೆ ಓಡಿಹೋಗಿ ಟೀ ತೋಟದಲ್ಲಿ ಕೂಲಿಯಾಗುತ್ತಾನೆ. ದೇವರು ರಾಕ್ಷಸರ ಕಥೆಗಳೇ ಓಡುತ್ತಿದ್ದ ಹೊತ್ತಿನಲ್ಲಿ ಇಂಥದೊಂದು ಸಾಮಾಜಿಕ ವಸ್ತು. ಹಾಸ್ಯಕ್ಕೆ ಎನ್.ಎಸ್. ಕೃಷ್ಣನ್. ಎಂ.ಕೆ. ರಾಧಾ, ಟಿ.ಎಸ್. ಬಾಲಯ್ಯ ಇಬ್ಬರಿಗೂ ಇದೇ ಮೊದಲ ಸಿನಿಮಾ. ಒಂದು ಸಣ್ಣ ಪೊಲೀಸ್ ಇನ್ಸ್‌ಪೆಕ್ಟರ್ ಪಾತ್ರಕ್ಕೆ ಬಂದಿದ್ದ ಇನ್ನೊಬ್ಬ ಹುಡುಗನಿಗೂ ಇದೇ ಮೊದಲು. ಹೆಸರು ಎಂ.ಜಿ. ರಾಮಚಂದ್ರನ್.

ಇವರಲ್ಲಿ ಹೆಚ್ಚಿನವರು ನಾಟಕ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕ ನೋಡಿದವರಿಗೆ ಗೊತ್ತು, ನಟ ಪ್ರೇಕ್ಷಕರಿಗೆ ಬೆನ್ನು ತೋರಿಸುವಂತಿಲ್ಲ, ಕೊನೇ ಸಾಲಿನ ನೆಲದ ಮೇಲೆ ಕೂತವನಿಗೂ ಮಾತು ಮುಟ್ಟಬೇಕು. ಮೈಕಿಲ್ಲದ ಕಾಲದಲ್ಲಿ ಅದೇ ದೊಡ್ಡ ವಿದ್ಯೆ. ಆದರೆ ಆ ವಿದ್ಯೆಯನ್ನೇ ಹೊತ್ತು ಕ್ಯಾಮೆರಾ ಮುಂದೆ ನಿಂತರೆ ನಾಲ್ಕಡಿ ದೂರದಲ್ಲಿರುವ ಹೆಂಡತಿಯನ್ನೂ ಊರಾಚೆ ಇರುವವಳನ್ನು ಕರೆದಂತೆ ಕರೆಯಬೇಕಾಗುತ್ತದೆ. ಬಹುಪಾಲು ನಿರ್ದೇಶಕರು ಕ್ಯಾಮೆರಾವನ್ನು ಪ್ರೇಕ್ಷಕನ ಕುರ್ಚಿಯಲ್ಲಿ ಇಟ್ಟು ನಾಟಕವನ್ನು ಇದ್ದ ಹಾಗೇ ಹಿಡಿಯುತ್ತಿದ್ದರು. ಡಂಗನ್ ಟ್ರಾಲಿ ಹಾಕಿ ಕ್ಯಾಮೆರಾವನ್ನು ನಡೆಸಿದ, ಮುಖದ ಹತ್ತಿರ ಒಯ್ದ, ಮೇಕಪ್ಪಿನ ಗಾಢ ಬಣ್ಣ ಇಳಿಸಿದ. ಚಿತ್ರಕಥೆ ಇಂಗ್ಲಿಷಿನಲ್ಲಿ ಕೈಯಲ್ಲಿರುತ್ತಿತ್ತು, ಸಂಭಾಷಣೆಯ ತಪ್ಪು ಒಪ್ಪು ನೋಡಲು ಪಕ್ಕದಲ್ಲಿ ತಮಿಳು ಬಲ್ಲ ಸಹಾಯಕರು. ಮಾತಿನ ಇಂಪಿಗೆ ಮರುಳಾಗುವ ಭಾಗ್ಯವೇ ಇಲ್ಲದವನಿಗೆ ಮುಖ, ಕೈ, ನಡಿಗೆ ಇಷ್ಟೇ ಕಾಣುವುದು. ತಮಿಳಿನ ಮೊದಲ ಟಾಕಿಗಳ ದೊಡ್ಡ ರೋಗವೇ ಮಾತು ಮತ್ತು ಹಾಡಿನ ಅಜೀರ್ಣವಾಗಿದ್ದರಿಂದ ಈ ಕೊರತೆಯಿಂದ ಲಾಭವೇ ಆಯಿತು ಅನ್ನಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ‘ದೊರೆ ಬಂದ, ನಮ್ಮವರಿಗೆ ಸಿನಿಮಾ ಕಲಿಸಿದ’ ಅನ್ನುವ ಹಳೇ ಕಥೆ ಆಗಿಬಿಡುತ್ತದೆ. ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. 1937ರ ‘ಅಂಬಿಕಾಪತಿ’ ನೋಡಿ. ಮಹಾಕವಿ ಕಂಬನ ಮಗ ಅಂಬಿಕಾಪತಿಗೆ ಚೋಳ ರಾಜಕುಮಾರಿ ಅಮರಾವತಿಯ ಮೇಲೆ ಪ್ರೀತಿ. ಶೃಂಗಾರದ ಸೋಂಕಿಲ್ಲದ ನೂರು ಪದ್ಯ ಹಾಡಿದರೆ ಹುಡುಗಿ ನಿನ್ನವಳು, ತಪ್ಪಿದರೆ ತಲೆ ಹೋಗುತ್ತದೆ ಅಂತ ರಾಜ ಷರತ್ತು ಹಾಕುತ್ತಾನೆ. ಲೆಕ್ಕ ಇಡುತ್ತಿದ್ದ ಅಮರಾವತಿ ಮೊದಲಿನ ದೇವರ ಸ್ತುತಿಯನ್ನೂ ಎಣಿಸಿಬಿಡುತ್ತಾಳೆ. ನೂರು ಮುಗಿಯಿತೆಂದು ಆಕೆ ಸಂಭ್ರಮದಿಂದ ಹೊರಗೆ ಬಂದಳು, ಅವಳನ್ನು ಕಂಡದ್ದೇ ಇವನ ಬಾಯಲ್ಲಿ ಶೃಂಗಾರ ಹೊರಟಿತು. ಆಗಿನ್ನೂ ತೊಂಬತ್ತೊಂಬತ್ತೇ ಆಗಿತ್ತು.

ಡಂಗನ್‌ಗೆ ಈ ಕಥೆಯಲ್ಲಿ ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ಕಂಡರು. ಪುಸ್ತಕ ತೆಗೆದು, ಪ್ರೇಮದ ದೃಶ್ಯಗಳಿಗೆ ಗುರುತು ಹಾಕಿ ಇಳಂಗೋವನ್ ಕೈಗೆ ಕೊಟ್ಟ. ಈ ಇಳಂಗೋವನ್ ‘ಮಣಿಕ್ಕೊಡಿ’ ಪತ್ರಿಕೆಯ ಬಳಗದಿಂದ ಬಂದ ಬರಹಗಾರ. ಆತ ಇಂಗ್ಲಿಷ್ ಸಾಲುಗಳನ್ನು ಇಳಿಸಿ ಇಡಲಿಲ್ಲ, ತಮಿಳಿನ ಕಿವಿಗೆ ಒಗ್ಗುವ ಹಾಗೆ ಹೊಸದಾಗಿ ಬರೆದ. ಅಲ್ಲಿಯವರೆಗೆ ತಮಿಳು ಸಿನಿಮಾದಲ್ಲಿ ಸಂಭಾಷಣೆಕಾರ ಅನ್ನುವವನಿಗೆ ಹೇಳಿಕೊಳ್ಳುವಂಥ ಬೆಲೆ ಇರಲಿಲ್ಲ. ಇದಾದ ಮೇಲೆ ಬರಹಗಾರನ ಹೆಸರು ಟೈಟಲ್ಲಿನಲ್ಲಿ ಎದ್ದು ಕಾಣಿಸತೊಡಗಿತು. ತಮಿಳು ಚಿತ್ರರಂಗದಲ್ಲಿ ಮುಂದೆ ಡೈಲಾಗ್ ಬರೆಯುವವರೇ ನಾಯಕರಿಗೆ ಸರಿಸಮನಾಗಿ ಮೆರೆದರಲ್ಲ, ಅದರ ಬೇರು ಇಲ್ಲಿದೆ. ತಮಿಳು ಬಲ್ಲ ನಿರ್ದೇಶಕನಾಗಿದ್ದರೆ ತಾನೇ ಏನೋ ಗೀಚಿ ನಟರ ಬಾಯಿಗೆ ತುರುಕುತ್ತಿದ್ದನೇನೋ. ಬಾರದವನಿಗೆ ಬಲ್ಲವನನ್ನು ಹುಡುಕದೆ ಗತಿಯಿರಲಿಲ್ಲ. ನಾಯಕ ಎಂ.ಕೆ. ತ್ಯಾಗರಾಜ ಭಾಗವತರ ಕಂಠವೂ ಸೇರಿ ಚಿತ್ರ ಭರ್ಜರಿಯಾಗಿ ಓಡಿತು.

ಹಾಸ್ಯದ ವಿಷಯದಲ್ಲೂ ಹಾಗೇ. ಎನ್.ಎಸ್. ಕೃಷ್ಣನ್ ತಮ್ಮ ಭಾಗವನ್ನು ತಾವೇ ಕಟ್ಟಿಕೊಳ್ಳುವ ಆಸಾಮಿ, ಅವರಿಗೆ ಇನ್ನೊಬ್ಬರು ಹೇಳಿಕೊಡುವುದು ಬೇಕಿರಲಿಲ್ಲ. ತನಗೆ ಅರ್ಥವಾಗದ ಜೋಕಿಗೆ ಕತ್ತರಿ ಹಾಕದೆ ಇರುವುದಕ್ಕೂ ಒಂದು ದೊಡ್ಡತನ ಬೇಕು. ಇವತ್ತಿನ ಎಷ್ಟೋ ಜನ ನಿರ್ದೇಶಕರಿಗೆ ಅರ್ಥವಾದ ಜೋಕಿಗೂ ಕತ್ತರಿ ಹಾಕುವ ಚಪಲ!

ಜೊತೆಗಾರರು ಸರಿಯಾಗಿ ಕೂಡದಿದ್ದಾಗ ಮಾತ್ರ ಡಂಗನ್ ಕೈಚೆಲ್ಲಿದ. 1940ರ ‘ಕಾಳಮೇಘಂ’ಗೆ ನಾಗಸ್ವರ ಚಕ್ರವರ್ತಿ ಟಿ.ಎನ್. ರಾಜರತ್ನಂ ಪಿಳ್ಳೈ ನಾಯಕ. ನಾಗಸ್ವರ ಹಿಡಿದರೆ ಅವರಿಗೆ ಸಾಟಿಯಿಲ್ಲ. ಆದರೆ ನಾಗಸ್ವರ ಬೇರೆ, ನಟನೆ ಬೇರೆ. ಸಿನಿಮಾ ಬಿತ್ತು. ಅದೇ ವರ್ಷದ ‘ಶಕುಂತಲೈ’ಯಲ್ಲಿ ಜಿ.ಎನ್. ಬಾಲಸುಬ್ರಹ್ಮಣ್ಯಂ ದುಷ್ಯಂತ, ಎಂ.ಎಸ್. ಸುಬ್ಬುಲಕ್ಷ್ಮಿ ಶಕುಂತಲೆ. ಇಬ್ಬರು ಮಹಾನ್ ಸಂಗೀತಗಾರರು ಒಂದೇ ಫ್ರೇಮಿನಲ್ಲಿ ಪ್ರೇಮಿಗಳಾಗಿ! ಅಷ್ಟಕ್ಕೇ ಆ ಚಿತ್ರವನ್ನು ಉಳಿಸಿಕೊಳ್ಳಬೇಕು.

ಇನ್ನು ‘ಮೀರಾ’. 1945ರಲ್ಲಿ ತಮಿಳಿನಲ್ಲಿ ಬಂತು, 1947ರಲ್ಲಿ ಹಿಂದಿಯಲ್ಲಿ. ನಿರ್ಮಾಪಕರು ಎಂ.ಎಸ್. ಅವರ ಪತಿ ಸದಾಶಿವಂ. ಇಲ್ಲಿ ಒಂದು ಕೆಲಸದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಂ.ಎಸ್. ಹಾಡುಗಾರ್ತಿ, ನಟಿಯಾಗಿ ಕ್ಯಾಮೆರಾ ಮುಂದೆ ಹೆಚ್ಚು ಪಳಗಿದವರಲ್ಲ. ಲೈಟುಗಳ ಕೆಳಗೆ ಅವರನ್ನು ಗಂಟೆಗಟ್ಟಲೆ ನಿಲ್ಲಿಸಿ ‘ಈ ಕಡೆ ತಿರುಗಿ, ಆ ಕಡೆ ತಿರುಗಿ’ ಅಂತ ಹೈರಾಣು ಮಾಡುವ ಬದಲು ಡಂಗನ್ ಅವರ ಮುಖದ ಪ್ಲಾಸ್ಟರ್ ಪ್ರತಿಮೆ ಮಾಡಿಸಿದ. ಛಾಯಾಗ್ರಾಹಕ ಜಿತೇನ್ ಬ್ಯಾನರ್ಜಿ ಜೊತೆ ಕೂತು ಆ ಪ್ರತಿಮೆಗೆ ಮೇಲಿನಿಂದ, ಪಕ್ಕದಿಂದ, ಕೆಳಗಿನಿಂದ ಬೆಳಕು ಬಿಟ್ಟು, ಬೇರೆಬೇರೆ ಕೋನದಿಂದ ಫೋಟೊ ಹಿಡಿದು, ಯಾವ ಬೆಳಕಿಗೆ ಯಾವ ಭಾವ ಮೂಡುತ್ತದೆ ಅಂತ ಮೊದಲೇ ನೋಡಿಕೊಂಡ. ಎಂ.ಎಸ್. ಸೆಟ್ಟಿಗೆ ಬಂದು ನಿಲ್ಲುವ ಹೊತ್ತಿಗೆ ಅವರ ಮುಖದ ಮೇಲಿನ ಬೆಳಕಿನ ಲೆಕ್ಕ ಮುಗಿದಿರುತ್ತಿತ್ತು. ಅವರು ಹಾಡಿದರೆ ಸಾಕು. ಮೀರಾ ಕ್ಲೋಸಪ್ಪುಗಳಲ್ಲಿ ಕಾಣುವ ಆ ತನ್ಮಯತೆಯನ್ನು ನಾವು ‘ದೈವಿಕ’ ಅಂತ ಕೈಮುಗಿದು ಸುಮ್ಮನಾಗುತ್ತೇವೆ. ಅದರಲ್ಲಿ ಅರ್ಧ ಎಂ.ಎಸ್. ಅವರದು, ಒಪ್ಪುತ್ತೇನೆ. ಇನ್ನರ್ಧ ಈ ಪ್ಲಾಸ್ಟರ್ ಮತ್ತು ಬಲ್ಬುಗಳದು.

ಒಂದೇ ಹಾಡಿನೊಳಗೆ ಪುಟ್ಟ ಮೀರಾ ದೊಡ್ಡವಳಾಗುವ ಭಾಗವನ್ನೂ ಗಮನಿಸಿ. ಹುಡುಗಿ ಮೀರಾ ಆಗಿ ಸದಾಶಿವಂ ಅವರ ಮಗಳು ರಾಧಾ, ಬೆಳೆದ ಮೀರಾ ಆಗಿ ಎಂ.ಎಸ್. ‘ವರ್ಷಗಳು ಉರುಳಿದವು’ ಅಂತ ಯಾರೂ ಬಂದು ಹೇಳಬೇಕಾಗುವುದಿಲ್ಲ. ಹೊರಾಂಗಣಕ್ಕೆ ಘಟಕ ದ್ವಾರಕೆ, ಉದಯಪುರ, ವೃಂದಾವನ ಅಂತ ಉತ್ತರಕ್ಕೆ ಹೊರಟಿತು. ಮಹಾಯುದ್ಧದ ಕಾಲ ಅನ್ನುವುದನ್ನು ಮರೆಯಬೇಡಿ. ಹಿಂದಿ ಮೀರಾದ ಆರಂಭದಲ್ಲಿ ಸರೋಜಿನಿ ನಾಯ್ಡು ತೆರೆಯ ಮೇಲೆ ಬಂದು ಎಂ.ಎಸ್. ಅವರನ್ನು ದೇಶಕ್ಕೆ ಪರಿಚಯಿಸುತ್ತಾರೆ. ಸದಾಶಿವಂ ಎಂಥ ಚಾಣಾಕ್ಷ ನಿರ್ಮಾಪಕ ಅನ್ನುವುದಕ್ಕೆ ಅದೊಂದೇ ಸಾಕು.

ಮೀರಾದ ಒಂದು ಮೂಲೆಯಲ್ಲಿ, ಸಣ್ಣ ಪಾತ್ರದಲ್ಲಿ ಎಂ.ಜಿ.ಆರ್. ಇದ್ದಾರೆ. ಮೊದಲ ಸಿನಿಮಾ ಆಗಿ ಒಂಬತ್ತು ವರ್ಷ, ಇನ್ನೂ ಸಣ್ಣ ಪಾತ್ರವೇ! ಡಂಗನ್ ಆ ಮನುಷ್ಯನಲ್ಲಿ ಮುಂದಿನ ತಾರೆಯನ್ನು ಗುರುತಿಸಿದ ಅಂತ ಕೆಲವರು ಬರೆಯುತ್ತಾರೆ. ಗುರುತಿಸಿದ್ದರೆ ಒಂಬತ್ತು ವರ್ಷ ಬೇಕಿತ್ತಾ? 1950ರ ‘ಮಂತ್ರಿ ಕುಮಾರಿ’ಯಲ್ಲಿ ಎಂ.ಜಿ.ಆರ್. ಕೊನೆಗೂ ಡಂಗನ್ ಕೈಯಲ್ಲಿ ನಾಯಕರಾದರು. ಸಂಭಾಷಣೆ ಬರೆದದ್ದು ಇಪ್ಪತ್ತೈದರ ಆಸುಪಾಸಿನ ಎಂ. ಕರುಣಾನಿಧಿ. ನಾಯಕ ಒಬ್ಬ ಮುಂದಿನ ಮುಖ್ಯಮಂತ್ರಿ, ಬರಹಗಾರ ಇನ್ನೊಬ್ಬ ಮುಂದಿನ ಮುಖ್ಯಮಂತ್ರಿ, ‘ಆ್ಯಕ್ಷನ್’ ಅಂದವನು ಓಹಿಯೋದವನು.

ನನ್ನ ಮಟ್ಟಿಗೆ ಡಂಗನ್ ಹೆಸರಿರುವ ಚಿತ್ರಗಳಲ್ಲಿ ಇದೇ ಒಂದು ಕೈ ಮೇಲೆ. ಮೀರಾ ಭಕ್ತರು ಕ್ಷಮಿಸಬೇಕು. ಸೇಲಂನ ಮಾಡರ್ನ್ ಥಿಯೇಟರ್ಸ್ ಚಿತ್ರ ಇದು, ಕಥೆಯ ಮೂಲ ತಮಿಳಿನ ಐದು ಮಹಾಕಾವ್ಯಗಳಲ್ಲಿ ಒಂದಾದ ಕುಂಡಲಕೇಶಿ. ರಾಜಗುರುವಿನ ಮಗ ಪಾರ್ಥಿಬನ್ ಗುಟ್ಟಾಗಿ ದರೋಡೆಕೋರ. ಹೆಂಡತಿಗೆ ತನ್ನ ಬಣ್ಣ ಗೊತ್ತಾಯಿತೆಂದು ಅವಳನ್ನು ಮುಗಿಸಲು ಬೆಟ್ಟದ ತುದಿಗೆ ಕರೆದೊಯ್ಯುತ್ತಾನೆ. ಕರೆದೊಯ್ಯುವುದು ಹೇಗೆ? ಹಾಡುತ್ತಾ. ತಿರುಚ್ಚಿ ಲೋಗನಾಥನ್ ಮತ್ತು ಜಿಕ್ಕಿ ಹಾಡಿದ ಆ ಯುಗಳಗೀತೆಯನ್ನು ಕಣ್ಣುಮುಚ್ಚಿ ಕೇಳಿದರೆ ಹೊಸ ಜೋಡಿ ವಿಹಾರಕ್ಕೆ ಹೊರಟಂತಿದೆ. ಕಣ್ಣು ಬಿಟ್ಟರೆ ಹೆಜ್ಜೆಹೆಜ್ಜೆಗೂ ಪ್ರಪಾತ ಹತ್ತಿರ ಬರುತ್ತಿದೆ. ತುದಿಗೆ ಬಂದಾಗ ಆತ ವಿಷಯ ಹೇಳುತ್ತಾನೆ. ಅವಳು ಅಳುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಸಾಯುವ ಮುನ್ನ ಗಂಡನಿಗೆ ಮೂರು ಸುತ್ತು ಪ್ರದಕ್ಷಿಣೆ ಹಾಕಬೇಕು ಅನ್ನುತ್ತಾಳೆ. ಪತಿವ್ರತೆಯ ಆಸೆ, ಯಾರು ಬೇಡ ಅಂದಾರು? ಸುತ್ತುತ್ತಾಳೆ, ಹಿಂದೆ ಬಂದಾಗ ತಳ್ಳಿಬಿಡುತ್ತಾಳೆ.

ಈ ಗಂಡ ಹೆಂಡತಿಯಾಗಿ ಎಸ್.ಎ. ನಟರಾಜನ್ ಮತ್ತು ಮಾಧುರಿ ದೇವಿ, ಇಬ್ಬರದೂ ಮಾತಿಗಿಂತ ಮೈಯಲ್ಲೇ ನಡೆಯುವ ನಟನೆ. ಸಿನಿಮಾ ಪೂರ್ತಿಯಾಗುವ ಮೊದಲೇ ಡಂಗನ್ ಅಮೆರಿಕಕ್ಕೆ ಹೊರಟಿದ್ದರಿಂದ ಉಳಿದದ್ದನ್ನು ಸ್ಟುಡಿಯೋ ಮಾಲೀಕ ಟಿ.ಆರ್. ಸುಂದರಂ ಮುಗಿಸಿದರು, ನಿರ್ದೇಶಕರಾಗಿ ಇಬ್ಬರ ಹೆಸರೂ ಇದೆ. ಯಾವ ಶಾಟ್ ಯಾರದು ಅಂತ ಬಿಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಕರುಣಾನಿಧಿಯಂಥ ಮಾತಿನ ಮಲ್ಲ ಬರೆದ ಚಿತ್ರದಲ್ಲೂ ಜನಕ್ಕೆ ನೆನಪುಳಿದದ್ದು ಆ ಮೂರು ಸುತ್ತು ಅನ್ನುವುದಷ್ಟೇ ನನಗೆ ಮುಖ್ಯ.

ಡಂಗನ್ ಮೇಲೆ ಆಗಲೇ ಎದ್ದ ಇನ್ನೊಂದು ದೂರು ಶೃಂಗಾರದ್ದು. ತಮಿಳು ಕವಿ ಭಾರತಿದಾಸನ್ ಅವರ ‘ಎದಿರ್‌ಪಾರಾದ ಮುತ್ತಂ’ (ಎದುರು ನೋಡದ ಚುಂಬನ) ಕಾವ್ಯವನ್ನು ಆಧರಿಸಿದ ‘ಪೊನ್ಮುಡಿ’ ಅದೇ 1950ರಲ್ಲಿ ಬಂದಾಗ, ಈ ಅಮೆರಿಕನ್ ನಮ್ಮ ಸಂಸ್ಕೃತಿ ಕೆಡಿಸುತ್ತಿದ್ದಾನೆ ಅಂತ ಟೀಕೆ ಬಂತು. ಕಾವ್ಯದ ಹೆಸರಲ್ಲೇ ಮುತ್ತು ಇದೆ ಸ್ವಾಮಿ, ಅದನ್ನು ಅಮೆರಿಕದಿಂದ ತರಬೇಕಿತ್ತಾ? ಒಳ್ಳೆಯದಾದರೆ ದೊರೆ ಕಲಿಸಿದ್ದು, ಕೆಟ್ಟದಾದರೆ ದೊರೆ ಕೆಡಿಸಿದ್ದು. ಎರಡೂ ಕಡೆ ಇಳಂಗೋವನ್, ಕೃಷ್ಣನ್, ಬ್ಯಾನರ್ಜಿ, ಭಾರತಿದಾಸನ್ ಲೆಕ್ಕಕ್ಕೇ ಇಲ್ಲ. ಈ ಎರಡು ಗುಂಪಿನವರೂ ಒಂದೇ ದೋಣಿಯಲ್ಲಿ ಕೂತಿದ್ದಾರೆ, ಅವರಿಗೇ ಗೊತ್ತಿಲ್ಲ.

ತನ್ನೂರಿನ ಕಡೆ ಹೋದ ಮೇಲೆ ಡಂಗನ್ ಪಶ್ಚಿಮ ವರ್ಜೀನಿಯಾದ ವೀಲಿಂಗ್‌ನಲ್ಲಿ ನೆಲೆಸಿ, ಸಾಕ್ಷ್ಯಚಿತ್ರಗಳನ್ನೂ ಕಂಪನಿಗಳಿಗೆ ಬೇಕಾದ ಚಿತ್ರಗಳನ್ನೂ ಮಾಡಿಕೊಂಡಿದ್ದ. ತೀರಿಕೊಂಡದ್ದು 2001ರ ಡಿಸೆಂಬರಿನಲ್ಲಿ, ತೊಂಬತ್ತೆರಡನೇ ವಯಸ್ಸಿನಲ್ಲಿ. ಹಾಲಿವುಡ್ಡಿನಲ್ಲಿ ಹೆಸರು ಮಾಡಲಿಲ್ಲ. ಅಲ್ಲಿ ಆತನಿಗೆ ಇಳಂಗೋವನ್ ಸಿಗಲಿಲ್ಲ ಅಂತ ಒಂದು ಕುಚೋದ್ಯದ ಮಾತು ಸೇರಿಸಬಹುದು.

‘ಮಂತ್ರಿ ಕುಮಾರಿ’ ಯೂಟ್ಯೂಬಿನಲ್ಲಿ ಸಿಗುತ್ತದೆ. ಪ್ರಿಂಟು ಅಷ್ಟಕ್ಕಷ್ಟೇ, ಮೊದಲರ್ಧ ಸ್ವಲ್ಪ ಎಳೆದಾಡುತ್ತದೆ. ತಾಳ್ಮೆ ಇಲ್ಲದವರು ನೇರ ಬೆಟ್ಟ ಹತ್ತಿ. ಮೀರಾನೇ ಮೇಲು ಅನ್ನುವವರು ಅದನ್ನು ನೋಡಿಕೊಂಡೇ ಜಗಳಕ್ಕೆ ಬನ್ನಿ, ನಾನು ಇಲ್ಲೇ ಇರುತ್ತೇನೆ.